ಕಾಣುವುದು ಮತ್ತು ಗುರುತಿಸುವುದು

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಸಾಲಾಗಿ ಇಟ್ಟಿರುವ ಡಬ್ಬಿಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳೋಣ. ಉಪ್ಪು, ಸಕ್ಕರೆ, ಮೈದಾ, ಅಕ್ಕಿಹಿಟ್ಟು, ಅಡುಗೆ ಸೋಡಾ, ಮಕ್ಕಳ ಹೊಟ್ಟೆ ಕೆಟ್ಟಾಗ ಕಾಯಿಸಿ ಕೊಡುವ ಆರಾರೂಟು. ಎಲ್ಲವೂ ಬಿಳಿ, ಬಹುಪಾಲು ಪುಡಿ. ಆದರೂ ಮನೆಯ ತಾಯಿಗೆ ಇವುಗಳಲ್ಲಿ ಯಾವುದು ಯಾವುದೆಂಬ ಗೊಂದಲವಿಲ್ಲ. ಬೆರಳ ಸ್ಪರ್ಶ, ನಾಲಿಗೆಯ ರುಚಿ, ಡಬ್ಬಿಯ ಗುರುತು ಆಕೆಯ ನೆರವಿಗಿವೆ. ಈ ನೆರವನ್ನೆಲ್ಲ ತೆಗೆದುಬಿಟ್ಟು, ಒಂದೊಂದು ಚಿಟಿಕೆಯನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ‘ಇದೇನೆಂದು ಹೇಳಿ’ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳಬಲ್ಲೆವು? ನಿತ್ಯವೂ ಕೈಯಾಡಿಸುವ ವಸ್ತುವೇ ಅಲ್ಲಿ ಅಪರಿಚಿತವಾಗಿ ಕಾಣುತ್ತದೆ. ಶಾಲೆಯ ಮಕ್ಕಳಿಗೆ ಇದೊಂದು ಒಳ್ಳೆಯ ಆಟ. ಆದರೆ ಇದೇ ಪ್ರಶ್ನೆ ಒಂದು ಕಾಲದಲ್ಲಿ ಬಡವರ ಅನ್ನದ ಪ್ರಶ್ನೆಯಾಗಿತ್ತು, ಸಾವು ಬದುಕಿನ ಪ್ರಶ್ನೆಯೂ ಆಗಿತ್ತು. ಆ ಕಥೆ ಇಂದಿಗೂ ಮನನಯೋಗ್ಯವಾಗಿದೆ.

ದಿನಬಳಕೆಯ ವಸ್ತುಗಳನ್ನು ಮಸೂರದಡಿಯಲ್ಲಿ ಇಟ್ಟು ನೋಡಿ, ಕಂಡದ್ದನ್ನು ಚಿತ್ರಸಹಿತ ಜಗತ್ತಿಗೆ ತೋರಿಸಿದವರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಅಗ್ರಗಣ್ಯನು. ಐಲ್ ಆಫ್ ವೈಟ್ ಎಂಬ ದ್ವೀಪದ ಫ್ರೆಶ್‌ವಾಟರ್ ಗ್ರಾಮದಲ್ಲಿ, ಅಲ್ಲಿನ ಚರ್ಚಿನ ಸಹಾಯಕ ಗುರುವಿನ ಮಗನಾಗಿ ೧೬೩೫ರಲ್ಲಿ ಜನಿಸಿದ ಈತನ ‘ಮೈಕ್ರೊಗ್ರಾಫಿಯಾ’ ಎಂಬ ಗ್ರಂಥ ೧೬೬೫ರಲ್ಲಿ ಪ್ರಕಟವಾಯಿತು. ಹುಕ್ ತನ್ನ ಗ್ರಂಥವನ್ನು ದೂರದ ಅದ್ಭುತಗಳಿಂದ ಆರಂಭಿಸಲಿಲ್ಲ. ಮೊದಲು ನೋಡಿದ್ದು ಸೂಜಿಯ ಮೊನೆಯನ್ನು, ಅನಂತರ ಕ್ಷೌರದ ಕತ್ತಿಯ ಅಲಗನ್ನು, ಆಮೇಲೆ ನಯವಾದ ಬಟ್ಟೆಯ ನೇಯ್ಗೆಯನ್ನು. ಬರಿಗಣ್ಣಿಗೆ ಅತ್ಯಂತ ಚೂಪಾಗಿ ತೋರುವ ಸೂಜಿಮೊನೆ ಅಲ್ಲಿ ಮೊಂಡಾಗಿ, ಗುಳಿಬಿದ್ದು ಕಂಡಿತು. ಮುದ್ರಿತ ಪುಟದ ಪೂರ್ಣವಿರಾಮದ ಚುಕ್ಕೆ ಅಂಚು ಹರಿದ ಮಸಿಕಲೆಯಂತೆ ಕಂಡಿತು. ಬೆಂಡಿನ ತೆಳುವಾದ ಸೀಳಿನಲ್ಲಿ ಜೇನುಹುಟ್ಟಿನ ಮನೆಗಳನ್ನು ಹೋಲುವ ಪುಟ್ಟ ಕೋಶಗಳು ಕಂಡವು. ಇಂದು ಜೀವಶಾಸ್ತ್ರದಲ್ಲಿ ಬಳಸುವ ‘ಸೆಲ್’ ಎಂಬ ಪದ ಅಲ್ಲಿಂದಲೇ ಬಂದಿತು. ಲಂಡನ್ನಿನ ಪ್ರಸಿದ್ಧ ದಿನಚರಿಕಾರ ಸಾಮ್ಯುಯೆಲ್ ಪೀಪ್ಸ್ ಈ ಪುಸ್ತಕವನ್ನು ಕೊಂಡು, ಬೆಳಗಿನ ಜಾವ ಎರಡು ಗಂಟೆಯವರೆಗೂ ಎದ್ದು ಕುಳಿತು ಓದಿದನು.

ಹುಕ್ ತಾನು ಕಂಡದ್ದನ್ನು ಹೇಳಿದ್ದಲ್ಲದೆ ಕಾಣುವುದರಲ್ಲಿರುವ ಮೋಸವನ್ನೂ ತನ್ನ ಮುನ್ನುಡಿಯಲ್ಲಿ ಪ್ರಾಮಾಣಿಕವಾಗಿ ತಿಳಿಸಿದ್ದಾನೆ. ಮಸೂರದಡಿಯಲ್ಲಿ ಉಬ್ಬು ಯಾವುದು, ತಗ್ಗು ಯಾವುದು, ನೆರಳು ಯಾವುದು, ಕಪ್ಪುಕಲೆ ಯಾವುದು ಎಂದು ಹೇಳುವುದು ಬಹಳ ಕಷ್ಟವೆಂಬುದು ಆತನ ಅನುಭವ. ನೊಣದ ಕಣ್ಣನ್ನೇ ತೆಗೆದುಕೊಳ್ಳಿ. ಒಂದು ಬೆಳಕಿನಲ್ಲಿ ಅದು ರಂಧ್ರಗಳು ತುಂಬಿದ ಜಾಲರಿಯಂತೆ ಕಂಡಿತು. ಬಿಸಿಲಿನಲ್ಲಿ ಚಿನ್ನದ ಮೊಳೆಗಳನ್ನು ಬಡಿದ ಹಲಗೆಯಂತೆ ಕಂಡಿತು. ಇನ್ನೊಂದು ಭಂಗಿಯಲ್ಲಿ ಅದೇ ಕಣ್ಣು ಪಿರಮಿಡ್ಡುಗಳಿಂದ ತುಂಬಿದಂತೆ ತೋರಿತು. ಆದಕಾರಣ ಬೇರೆ ಬೇರೆ ಬೆಳಕಿನಲ್ಲಿ ಹಲವು ಬಾರಿ ಪರೀಕ್ಷಿಸಿ, ನಿಜರೂಪ ಮನವರಿಕೆಯಾಗುವವರೆಗೂ ತಾನು ಚಿತ್ರ ಬರೆಯಲಿಲ್ಲವೆಂದು ಆತನು ಹೇಳುತ್ತಾನೆ. ಒಂದೇ ನೋಟಕ್ಕೆ ತೀರ್ಪು ಹೇಳಬಾರದೆಂಬ ಈ ಎಚ್ಚರಿಕೆ ಸೂಕ್ಷ್ಮದರ್ಶಕದ ಇತಿಹಾಸದ ಮೊದಲ ಪಾಠ.

ಎರಡನೆಯ ಪಾಠವನ್ನು ಕಲಿಸಿದ್ದು ನಮ್ಮ ಕರಾವಳಿಗೂ ಮಲೆನಾಡಿಗೂ ಚಿರಪರಿಚಿತವಾದ ಕಾಳುಮೆಣಸು. ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್ ತಾನೇ ಉಜ್ಜಿ ತಯಾರಿಸಿದ ಪುಟ್ಟ ಮಸೂರಗಳಿಂದ ಕೈಗೆ ಸಿಕ್ಕಿದ್ದನ್ನೆಲ್ಲ ನೋಡುತ್ತಿದ್ದನು. ಮೆಣಸು ನಾಲಿಗೆಯನ್ನು ಏಕೆ ಚುಚ್ಚುತ್ತದೆ? ಅದರ ಕಣಗಳಲ್ಲಿ ಕಣ್ಣಿಗೆ ಕಾಣದ ಮುಳ್ಳುಗಳಿರಬಹುದೆಂದು ಊಹಿಸಿ ಆತನು ಮೆಣಸನ್ನು ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿದನು. ೧೬೭೬ರಲ್ಲಿ ಆ ನೀರಿನ ಹನಿಯನ್ನು ನೋಡಿದಾಗ ಮುಳ್ಳುಗಳು ಕಾಣಲಿಲ್ಲ. ಓಡಾಡುವ ಅಸಂಖ್ಯಾತ ಜೀವಿಗಳು ಕಂಡವು. ಅವುಗಳಲ್ಲಿ ಅತಿ ಸಣ್ಣವು ಇಂದು ನಾವು ಬ್ಯಾಕ್ಟೀರಿಯಾ ಎಂದು ಕರೆಯುವ ಜೀವಿಗಳು. ಲಂಡನ್ನಿನ ರಾಯಲ್ ಸೊಸೈಟಿ ಸುಲಭವಾಗಿ ನಂಬಲಿಲ್ಲ. ಆಗ ಆತನು ತನ್ನ ಕೊಳವೆಗಳೊಳಗೆ ಕಣ್ಣಾರೆ ನೋಡಿದ ಎಂಟು ಮಂದಿ ಗಣ್ಯರ ಸಾಕ್ಷ್ಯಪತ್ರಗಳನ್ನು ಕಳುಹಿಸಿದನು. ಅವರಲ್ಲಿ ಲೂಥರನ್ ಸಭೆಯ ಗುರುಗಳೂ ಇದ್ದರು. ೧೬೭೭ರ ನವೆಂಬರಿನಲ್ಲಿ ಸ್ವತಃ ಹುಕ್ ಮೆಣಸಿನ ನೀರನ್ನು ತಯಾರಿಸಿ, ಸೊಸೈಟಿಯ ಸದಸ್ಯರಿಗೆ ಆ ಜೀವಿಗಳನ್ನು ತೋರಿಸಿದನು. ಊಹಿಸಿದ್ದು ಒಂದು, ಕಂಡದ್ದು ಮತ್ತೊಂದು. ಊಹೆಗೆ ಅಂಟಿಕೊಳ್ಳದೆ ಕಂಡದ್ದಕ್ಕೆ ತಲೆಬಾಗಿದುದೇ ಲೇವನ್‌ಹುಕ್‌ನ ಹಿರಿಮೆ.

ಇನ್ನು ಹತ್ತೊಂಬತ್ತನೆಯ ಶತಮಾನದ ಲಂಡನ್ನಿಗೆ ಬರೋಣ. ಹಳ್ಳಿಗಳನ್ನು ತೊರೆದು ಕಾರ್ಖಾನೆಗಳ ನಗರಗಳಿಗೆ ಬಂದ ಜನ ತಾವು ಬೆಳೆಯದ, ತಾವು ಬೀಸದ, ತಾವು ಹುರಿಯದ ಆಹಾರವನ್ನು ಅಂಗಡಿಯಿಂದ ಕೊಂಡು ತಿನ್ನತೊಡಗಿದ್ದರು. ಪುಡಿಮಾಡಿದ ವಸ್ತುವಿನಲ್ಲಿ ಏನು ಬೆರೆತಿದೆಯೆಂದು ಕೊಳ್ಳುವವನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಫ್ರೆಡರಿಕ್ ಆಕುಮ್ ಎಂಬ ರಸಾಯನಶಾಸ್ತ್ರಜ್ಞನು ೧೮೨೦ರಲ್ಲಿ ಕಲಬೆರಕೆಯ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಅರಸುಗಳ ದ್ವಿತೀಯ ಗ್ರಂಥದಲ್ಲಿ, ಬರಗಾಲದ ದಿನಗಳಲ್ಲಿ ಎಲೀಷನ ಶಿಷ್ಯರಲ್ಲೊಬ್ಬನು ಅರಿಯದೆ ಕಾಡುಬಳ್ಳಿಯ ಕಾಯಿಯನ್ನು ತಂದು ಅಡುಗೆಗೆ ಹಾಕಿದ್ದನ್ನೂ, ಬಾಯಿಗಿಟ್ಟೊಡನೆ ಪಾತ್ರೆಯಲ್ಲಿ ಮರಣವಿದೆಯೆಂದು ಉಳಿದವರು ಕೂಗಿಕೊಂಡದ್ದನ್ನೂ ನಾವು ಓದಿದ್ದೇವೆ. ಆಕುಮ್ ಆ ಕೂಗನ್ನೇ ತನ್ನ ಪುಸ್ತಕದ ಮುಖಪುಟದಲ್ಲಿ ಅಚ್ಚು ಹಾಕಿಸಿದನು. ಎಲೀಷನ ಶಿಷ್ಯನದು ಅರಿಯದೆ ಆದ ತಪ್ಪು. ಲಂಡನ್ನಿನ ಅಂಗಡಿಗಳಲ್ಲಿ ನಡೆಯುತ್ತಿದ್ದುದು ಬಹುಮಟ್ಟಿಗೆ ಅರಿತೇ ಮಾಡುತ್ತಿದ್ದ ವ್ಯಾಪಾರ.

ಕಲಬೆರಕೆಯ ಪ್ರಶ್ನೆ ೧೮೫೦ರಲ್ಲಿ ಸಂಸತ್ತಿಗೂ ಬಂದಿತು. ಚಿಕೋರಿಯೆಂಬ ಗಿಡದ ಬೇರನ್ನು ಹುರಿದು ಪುಡಿಮಾಡಿದರೆ ಬಣ್ಣದಲ್ಲಿ ಕಾಫಿಪುಡಿಯನ್ನೇ ಹೋಲುತ್ತದೆ, ಬೆಲೆಯಲ್ಲಿ ಬಹಳ ಅಗ್ಗ. ಹೊರದೇಶದಿಂದ ಬರುವ ಕಾಫಿಗೆ ಸುಂಕವಿತ್ತು. ಇಂಗ್ಲೆಂಡಿನಲ್ಲೇ ಬೆಳೆದ ಚಿಕೋರಿಗೆ ಇರಲಿಲ್ಲ. ಕಾಫಿಯಲ್ಲಿ ಚಿಕೋರಿ ಬೆರೆತಿದೆಯೇ ಎಂಬುದನ್ನು ರಸಾಯನಶಾಸ್ತ್ರದಿಂದಾಗಲಿ ಬೇರೆ ವಿಧಾನದಿಂದಾಗಲಿ ಖಚಿತವಾಗಿ ಕಂಡುಹಿಡಿಯಲು ಸಾಧ್ಯವಿಲ್ಲವೆಂದು ಹಣಕಾಸು ಸಚಿವ ಸರ್ ಚಾರ್ಲ್ಸ್ ವುಡ್ ಪ್ರಸಿದ್ಧ ರಸಾಯನಶಾಸ್ತ್ರಜ್ಞರ ವರದಿಯನ್ನು ಆಧರಿಸಿ ತಿಳಿಸಿದನು. ಅದೇ ವರ್ಷ ಆರ್ಥರ್ ಹಿಲ್ ಹ್ಯಾಸಲ್ ಎಂಬ ಮೂವತ್ತೆರಡು ವಯಸ್ಸಿನ ವೈದ್ಯನು ಲಂಡನ್ನಿನ ಸಸ್ಯಶಾಸ್ತ್ರ ಸಂಘದ ಮುಂದೆ ಒಂದು ಪ್ರಬಂಧವನ್ನು ಓದಿ, ಸೂಕ್ಷ್ಮದರ್ಶಕದಿಂದ ಅದು ಸಾಧ್ಯವಷ್ಟೇ ಅಲ್ಲ, ಸುಲಭವೂ ಹೌದೆಂದು ತೋರಿಸಿಕೊಟ್ಟನು.

ದೊಡ್ಡ ದೊಡ್ಡ ವಿದ್ವಾಂಸರಿಗೆ ಆಗದ್ದು ಈ ಯುವ ವೈದ್ಯನಿಗೆ ಹೇಗೆ ಸಾಧ್ಯವಾಯಿತು? ಅಂದಿನ ರಸಾಯನಶಾಸ್ತ್ರಜ್ಞರು ವಸ್ತುವನ್ನು ಸುಟ್ಟು, ಕರಗಿಸಿ, ಅದರ ಘಟಕಗಳನ್ನು ಹುಡುಕುತ್ತಿದ್ದರು. ಸಸ್ಯಗಳೆಲ್ಲವೂ ಹೆಚ್ಚುಕಡಿಮೆ ಒಂದೇ ಬಗೆಯ ಘಟಕಗಳಿಂದಾದವು. ಆದ್ದರಿಂದ ಅಲ್ಲಿ ಬೀಜಕ್ಕೂ ಬೇರಿಗೂ ಇರುವ ಭೇದ ಮಾಯವಾಗುತ್ತಿತ್ತು. ಹ್ಯಾಸಲ್ ಹುಡುಕಿದ್ದು ಘಟಕವನ್ನಲ್ಲ, ರೂಪವನ್ನು. ಹುರಿದರೂ ಅರೆದರೂ ಸಸ್ಯದ ಜೀವಕೋಶಗಳ ಆಕಾರ ಪೂರ್ತಿ ನಾಶವಾಗುವುದಿಲ್ಲ. ಕಾಫಿಬೀಜದ ಚೂರಿನಲ್ಲಿ ದಪ್ಪ ಗೋಡೆಯ, ಮಣಿಗಂಟುಗಳಿಂದ ಕೂಡಿದಂತೆ ಕಾಣುವ ಒತ್ತೊತ್ತಾದ ಕೋಶಗಳೂ ಎಣ್ಣೆಯ ಹನಿಗಳೂ ಇರುತ್ತವೆ. ಚಿಕೋರಿಯ ಬೇರಿನಲ್ಲಿ ತೆಳುಗೋಡೆಯ ದೊಡ್ಡ ಕೋಶಗಳಿರುತ್ತವೆ. ಜೊತೆಗೆ ನೀರನ್ನು ಸಾಗಿಸುವ, ಮೈಮೇಲೆ ಚುಕ್ಕಿಗಳ ಸಾಲಿರುವ ಉದ್ದನೆಯ ನಾಳಗಳಿರುತ್ತವೆ. ಒಮ್ಮೆ ಈ ಎರಡನ್ನೂ ಬೇರೆ ಬೇರೆಯಾಗಿ ಚೆನ್ನಾಗಿ ನೋಡಿದವನು ಮತ್ತೆ ಮೋಸಹೋಗಲಾರ.

ಹಿಟ್ಟುಗಳ ಸಂಗತಿಯೂ ಹೀಗೆಯೇ. ಪಿಷ್ಟದ ಕಣಗಳು ಪ್ರತಿಯೊಂದು ಸಸ್ಯದಲ್ಲಿಯೂ ತಮ್ಮದೇ ಆಕಾರವನ್ನು ತಳೆದಿರುತ್ತವೆ. ಆಲೂಗಡ್ಡೆಯ ಕಣ ದೊಡ್ಡದು, ಮರುವಾಯಿ ಚಿಪ್ಪಿನ ಮೇಲಿರುವಂಥ ಗೆರೆಗಳ ಬಳೆಯುಳ್ಳದ್ದು. ಗೋಧಿಯಲ್ಲಿ ದುಂಡನೆಯ ದೊಡ್ಡ ಕಣಗಳ ನಡುವೆ ತೀರ ಸಣ್ಣ ಕಣಗಳು ಚೆಲ್ಲಿರುತ್ತವೆ. ಅಕ್ಕಿಯದು ಎಲ್ಲಕ್ಕಿಂತ ಚಿಕ್ಕದು, ಹಲವು ಮೂಲೆಗಳುಳ್ಳದ್ದು. ಮೆಕ್ಕೆಜೋಳದ ಕಣದ ನಡುವೆ ಆಗಾಗ ನಕ್ಷತ್ರದಂಥ ಬಿರುಕು ಕಾಣುತ್ತದೆ. ಕಾಳುಗಳ ಹಿಟ್ಟಿನಲ್ಲಿ ಮೂತ್ರಪಿಂಡದ ಆಕಾರ, ನಡುವೆ ಉದ್ದನೆಯ ಸೀಳು. ದುಬಾರಿ ಆರಾರೂಟಿಗೆ ಆಲೂಗಡ್ಡೆಯ ಪಿಷ್ಟವನ್ನು ಬೆರೆಸಿದರೆ, ಸಾಸಿವೆ ಪುಡಿಗೆ ಗೋಧಿಹಿಟ್ಟನ್ನು ಸೇರಿಸಿ ಬಣ್ಣ ಕೆಡದಂತೆ ಅರಿಶಿನವನ್ನು ಹಾಕಿದರೆ, ಅಂಗಡಿಯ ಬೆಳಕಿನಲ್ಲಿ ಯಾರಿಗೂ ತಿಳಿಯದು. ಮಸೂರದ ಬೆಳಕಿನಲ್ಲಿ ಅಡಗಲಾರದು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸೂಕ್ಷ್ಮದರ್ಶಕ ಯಾವ ವಸ್ತುವಿನ ಹೆಸರನ್ನೂ ಹೇಳುವುದಿಲ್ಲ. ಅದು ದೊಡ್ಡದು ಮಾಡಿ ತೋರಿಸುತ್ತದೆ, ಅಷ್ಟೆ. ಹೆಸರು ಹೇಳಬೇಕಾದವನು ನೋಡುವವನು. ಹ್ಯಾಸಲ್ ಮಾಡಿದ ನಿಜವಾದ ಕೆಲಸ ಕಲಬೆರಕೆಯನ್ನು ನೋಡಿದ್ದಲ್ಲ. ಅದಕ್ಕೂ ಮೊದಲು ಅಪ್ಪಟ ಕಾಫಿ, ಅಪ್ಪಟ ಗೋಧಿ, ಅಪ್ಪಟ ಸಾಸಿವೆಗಳನ್ನು ತಾಳ್ಮೆಯಿಂದ ನೋಡಿ ಮನನ ಮಾಡಿಕೊಂಡದ್ದು. ಸುಳ್ಳಿನ ರೂಪಗಳು ಲೆಕ್ಕವಿಲ್ಲದಷ್ಟು. ಅವನ್ನೆಲ್ಲ ಕಲಿತು ಮುಗಿಸಲಾಗದು. ಸತ್ಯವನ್ನು ಆಳವಾಗಿ ಬಲ್ಲವನಿಗೆ ಮಾತ್ರ ಸುಳ್ಳು ತಾನಾಗಿಯೇ ಎದ್ದು ಕಾಣುತ್ತದೆ.

‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯ ಸ್ಥಾಪಕ ಸಂಪಾದಕ ಥಾಮಸ್ ವೇಕ್ಲಿ ಈ ವೈದ್ಯನ ಕೈಹಿಡಿದನು. ೧೮೫೧ರಿಂದ ೧೮೫೪ರವರೆಗೆ ಹ್ಯಾಸಲ್ ಲಂಡನ್ನಿನ ಅಂಗಡಿಗಳಿಂದ ಮಾದರಿಗಳನ್ನು ಕೊಂಡುತಂದು ಪರೀಕ್ಷಿಸಿದನು. ಫಲಿತಾಂಶಗಳು ಅಂಗಡಿಯವರ ಹೆಸರು ವಿಳಾಸಗಳ ಸಮೇತ ಪತ್ರಿಕೆಯಲ್ಲಿ ಪ್ರಕಟವಾದವು. ಅಪ್ಪಟ ವಸ್ತುವನ್ನು ಮಾರಿದವರ ಹೆಸರುಗಳೂ ಅದೇ ಪುಟದಲ್ಲಿ ಬಂದವು. ಮೊದಲ ಸುತ್ತಿನಲ್ಲಿ ಪರೀಕ್ಷಿಸಿದ ೩೪ ಕಾಫಿ ಮಾದರಿಗಳಲ್ಲಿ ಶುದ್ಧವಾಗಿದ್ದುದು ಕೇವಲ ೩. ಪರೀಕ್ಷೆಗೆ ಬಂದ ೪೯ ರೊಟ್ಟಿಗಳಲ್ಲಿ ಒಂದೂ ಬಿಡದಂತೆ ಎಲ್ಲದರಲ್ಲಿಯೂ ಪಟಿಕ ಇತ್ತು. ಈ ಪಟಿಕವನ್ನು ಕಂಡುಹಿಡಿದದ್ದು ಮಾತ್ರ ರಾಸಾಯನಿಕ ಪರೀಕ್ಷೆ. ಎಲ್ಲವನ್ನೂ ಮಸೂರವೊಂದೇ ತೋರಿಸಲಾರದೆಂಬುದನ್ನು ಹ್ಯಾಸಲ್ ಬಲ್ಲವನಾಗಿದ್ದನು. ಕೂಲಿಯವನ ಮನೆಯ ಮಕ್ಕಳಿಗೆ ರೊಟ್ಟಿಯೇ ಮುಖ್ಯ ಆಹಾರವಾಗಿದ್ದ ಕಾಲವದು. ಬಿಳುಪಿನ ಹೆಸರಿನಲ್ಲಿ ಅವರ ತಟ್ಟೆಗೆ ಬೀಳುತ್ತಿದ್ದುದು ಏನೆಂಬುದು ಸಾರ್ವಜನಿಕವಾಗಿ ಬಯಲಾಯಿತು.

ಆದರೂ ಕಾನೂನು ನಿಧಾನವಾಗಿಯೇ ಎಚ್ಚೆತ್ತಿತು. ಅಷ್ಟರಲ್ಲಿ ೧೮೫೮ರ ಅಕ್ಟೋಬರಿನಲ್ಲಿ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಒಂದು ದುರಂತ ಸಂಭವಿಸಿತು. ಸಕ್ಕರೆ ದುಬಾರಿಯಾಗಿದ್ದ ಕಾರಣ ಪೆಪ್ಪರ್‌ಮಿಂಟು ಮಿಠಾಯಿಗೆ ಜಿಪ್ಸಮ್‌ನಂಥ ಬಿಳಿಯ ಪುಡಿಯನ್ನು ಬೆರೆಸುವ ರೂಢಿ ಅಲ್ಲಿತ್ತು. ಆ ಪುಡಿಯನ್ನು ತರಲು ಔಷಧದಂಗಡಿಗೆ ಆಳನ್ನು ಕಳುಹಿಸಿದಾಗ ಮಾಲೀಕ ಕಾಯಿಲೆ ಬಿದ್ದಿದ್ದನು. ಸಹಾಯಕನು ಮೂಲೆಯಲ್ಲಿದ್ದ ಬೇರೊಂದು ಪೀಪಾಯಿಯಿಂದ ೧೨ ಪೌಂಡು ಬಿಳಿಯ ಪುಡಿಯನ್ನು ತೂಗಿ ಕೊಟ್ಟನು. ಅದು ಆರ್ಸೆನಿಕ್ ಪಾಷಾಣವಾಗಿತ್ತು. ಸಂತೆಯಲ್ಲಿ ಆ ಮಿಠಾಯಿಯನ್ನು ಕೊಂಡು ತಿಂದವರಲ್ಲಿ ಸುಮಾರು ೨೦ ಮಂದಿ ಸತ್ತರು, ೨೦೦ ಮಂದಿ ಕಾಯಿಲೆ ಬಿದ್ದರು. ಸತ್ತವರಲ್ಲಿ ಮಕ್ಕಳೂ ಇದ್ದರು. ಯಾರೂ ಕೊಲ್ಲಬೇಕೆಂದು ಬಯಸಿರಲಿಲ್ಲ. ಬಿಳಿಯ ಪುಡಿಯೊಂದನ್ನು ಇನ್ನೊಂದು ಬಿಳಿಯ ಪುಡಿಯೆಂದು ಭಾವಿಸಲಾಯಿತು, ಅಷ್ಟೆ. ಸಣ್ಣ ಮೋಸಕ್ಕೆ ಒಗ್ಗಿಹೋದ ಕೈ ದೊಡ್ಡ ಅನಾಹುತದ ಬಾಗಿಲನ್ನು ತೆರೆದುಬಿಟ್ಟಿತು. ೧೮೬೦ರಲ್ಲಿ ಕಲಬೆರಕೆಯ ವಿರುದ್ಧ ಮೊದಲ ಕಾನೂನು ಬಂದಿತು. ಅದು ದುರ್ಬಲವಾಗಿದ್ದುದರಿಂದ ೧೮೭೨ರಲ್ಲಿ ಮತ್ತೊಂದು ಬಂದಿತು. ಕೊನೆಗೆ ೧೮೭೫ರ ಆಹಾರ ಮತ್ತು ಔಷಧ ಮಾರಾಟ ಕಾಯಿದೆ ಭದ್ರವಾದ ಅಡಿಪಾಯ ಹಾಕಿತು.

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ವಿಜಯದ ಕಥೆಯಾಗುತ್ತದೆ. ಆದರೆ ಅದೇ ಹ್ಯಾಸಲ್‌ನ ಬದುಕಿನಲ್ಲಿ ಇನ್ನೊಂದು ಅಧ್ಯಾಯವಿದೆ. ೧೮೫೪ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪ್ರದೇಶದಲ್ಲಿ ಕಾಲರಾ ಹಬ್ಬಿ ೬೦೦ಕ್ಕೂ ಹೆಚ್ಚು ಜನ ಸತ್ತರು. ಆ ಬೀದಿಯ ಕೈಪಂಪಿನ ನೀರೇ ಇದಕ್ಕೆ ಕಾರಣವೆಂದು ಶಂಕಿಸಿದ ಡಾಕ್ಟರ್ ಜಾನ್ ಸ್ನೋ, ಆ ನೀರನ್ನು ಪರೀಕ್ಷಿಸಲು ಹ್ಯಾಸಲ್‌ಗೇ ಕೊಟ್ಟನು. ನೀರಿನಲ್ಲಿ ಅತಿ ಸೂಕ್ಷ್ಮವಾದ ಅಂಡಾಕಾರದ ಜೀವಿಗಳನ್ನು ಹ್ಯಾಸಲ್ ಕಂಡನು. ಅವು ನೀರಿನಲ್ಲಿ ಕೊಳಕು ಇದೆಯೆಂಬುದಕ್ಕೆ ಸಾಕ್ಷಿಯೇ ಹೊರತು ಬೇರೆ ಮಹತ್ವವಿಲ್ಲದವು ಎಂದು ಸ್ನೋ ತನ್ನ ಗ್ರಂಥದಲ್ಲಿ ದಾಖಲಿಸಿದನು. ಸರ್ಕಾರದ ಆರೋಗ್ಯ ಮಂಡಳಿಗಾಗಿ ಹ್ಯಾಸಲ್ ಕಾಲರಾ ರೋಗಿಗಳ ಭೇದಿಯನ್ನೂ ಪರೀಕ್ಷಿಸಿದನು. ಅದರಲ್ಲಿ ‘ವಿಬ್ರಿಯೊ’ ಎಂದು ಆಗಲೇ ಹೆಸರಿದ್ದ ಜೀವಿಗಳು ಅಗಣಿತವಾಗಿರುವುದನ್ನು ಕಂಡು ವರದಿ ಮಾಡಿದನು. ಆದರೆ ಅವೇ ರೋಗದ ಕಾರಣವೆಂದು ಭಾವಿಸಲಿಲ್ಲ. ಅದೇ ವರ್ಷ ಫ್ಲಾರೆನ್ಸ್ ನಗರದಲ್ಲಿ ಫಿಲಿಪ್ಪೊ ಪಾಚೀನಿ ಎಂಬ ವೈದ್ಯನು ಅವೇ ರೋಗದ ಮೂಲವೆಂದು ಬರೆದನು. ಜಗತ್ತು ಆತನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ೧೮೮೪ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ನಮ್ಮ ಕಲ್ಕತ್ತಾ ನಗರದಲ್ಲಿ ಆ ಜೀವಿಯನ್ನು ಬೇರ್ಪಡಿಸಿ ಬೆಳೆಸಿದ ಮೇಲಷ್ಟೇ ಜಗತ್ತು ನಂಬತೊಡಗಿತು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಒಂದಿದೆ. ಯೇಸುಸಭೆಯ ವಿದ್ವಾಂಸ ಗುರು ಅಥನಾಸಿಯುಸ್ ಕಿರ್ಚರ್ ೧೬೫೬ರಲ್ಲಿ ರೋಮ್ ನಗರಕ್ಕೆ ಪ್ಲೇಗ್ ಬಂದಾಗ ರೋಗಿಗಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಪುಟ್ಟ ಹುಳುಗಳನ್ನು ಕಂಡೆನೆಂದು ೧೬೫೮ರಲ್ಲಿ ಬರೆದರು; ರೋಗ ಹರಡುವುದು ಜೀವಿಗಳಿಂದಲೇ ಎಂದು ತೀರ್ಮಾನಿಸಿದರು. ಅವರ ಉಪಕರಣಕ್ಕೆ ಪ್ಲೇಗಿನ ಬ್ಯಾಕ್ಟೀರಿಯಾವನ್ನು ತೋರಿಸುವ ಶಕ್ತಿ ಇರಲಿಲ್ಲ; ಅವರು ಕಂಡದ್ದು ಬಹುಶಃ ರಕ್ತಕಣಗಳನ್ನೇ. ಒಬ್ಬರು ತಪ್ಪು ವಸ್ತುವನ್ನು ನೋಡಿ ಸರಿಯಾದ ದಿಕ್ಕಿನತ್ತ ಊಹಿಸಿದರು. ಮತ್ತೊಬ್ಬನು ಸರಿಯಾದ ವಸ್ತುವನ್ನೇ ಕಂಡೂ ಅದರ ಅರ್ಥವನ್ನು ಕಾಣಲಿಲ್ಲ. ಇಬ್ಬರನ್ನೂ ನಾವು ಹಗುರವಾಗಿ ಕಾಣುವಂತಿಲ್ಲ. ಕಾಫಿಯನ್ನೂ ಚಿಕೋರಿಯನ್ನೂ ಗುರುತಿಸಲು ಹ್ಯಾಸಲ್‌ನ ಬಳಿ ಅಪ್ಪಟ ಮಾದರಿಗಳಿದ್ದವು, ಹೋಲಿಸಿ ನೋಡಬಹುದಿತ್ತು. ರೋಗಾಣುವಿಗೆ ಅಂಥ ಮಾದರಿ ಅಂದು ಯಾರ ಬಳಿಯೂ ಇರಲಿಲ್ಲ. ಬಲ್ಲದ್ದನ್ನು ಗುರುತಿಸುವುದು ವಿದ್ಯೆ. ಹಿಂದೆಂದೂ ಅರಿಯದ್ದು ಎದುರಿಗೆ ಬಂದಾಗ ‘ಇದು ಮುಖ್ಯವಲ್ಲ’ ಎಂದು ಬದಿಗೆ ಸರಿಸದಿರುವುದು ವಿನಯ. ಮೊದಲನೆಯದನ್ನು ಗುರು ಕಲಿಸಬಲ್ಲನು, ಎರಡನೆಯದನ್ನು ಬಾಳೇ ಕಲಿಸಬೇಕು.

ಹ್ಯಾಸಲ್‌ನ ಮುಂದಿನ ಬದುಕು ಗೌರವಕ್ಕೆ ಅರ್ಹವಾದುದು. ಎದೆಯ ಕಾಯಿಲೆಯಿಂದ ತಾನೇ ನರಳಿ, ಚೇತರಿಸಿಕೊಳ್ಳಲು ಐಲ್ ಆಫ್ ವೈಟ್ ದ್ವೀಪಕ್ಕೆ, ಅಂದರೆ ಹುಕ್ ಹುಟ್ಟಿದ ನೆಲಕ್ಕೇ ಹೋದ ಆತನು, ಅಲ್ಲಿನ ವೆಂಟ್ನರ್‌ನಲ್ಲಿ ಕ್ಷಯರೋಗಿಗಳಿಗಾಗಿ ಆಸ್ಪತ್ರೆಯೊಂದನ್ನು ಕಟ್ಟಿಸಲು ಕಾರಣನಾದನು. ಗಾಳಿ ಬೆಳಕುಗಳು ಧಾರಾಳವಾಗಿ ಬರುವಂತೆ ರೋಗಿಗಳಿಗೆ ಪ್ರತ್ಯೇಕ ಕೋಣೆಗಳಿದ್ದ ಆಸ್ಪತ್ರೆಯದು. ಕ್ಷಯದ ರೋಗಾಣುವನ್ನು ಕಾಖ್ ತೋರಿಸಿಕೊಟ್ಟದ್ದು ೧೮೮೨ರಲ್ಲಿ, ಈ ಆಸ್ಪತ್ರೆ ಆರಂಭವಾಗಿ ಹತ್ತಾರು ವರ್ಷಗಳ ಮೇಲೆ. ಕಾರಣ ಕಾಣದಿದ್ದಾಗಲೂ ರೋಗಿ ಕಣ್ಣಿಗೆ ಬಿದ್ದಿದ್ದನು, ಹ್ಯಾಸಲ್‌ಗೆ ಅದು ಸಾಕಾಯಿತು. ೧೮೯೪ರಲ್ಲಿ ಇಟಲಿಯ ಸಾನ್ ರೆಮೊದಲ್ಲಿ ಆತನು ತೀರಿಕೊಂಡನು.

ನಮ್ಮ ದೇಶದಲ್ಲಿ ಆಹಾರ ಕಲಬೆರಕೆ ತಡೆ ಕಾಯಿದೆ ೧೯೫೪ರಲ್ಲಿ ಬಂದಿತು. ಅದರ ಸ್ಥಾನದಲ್ಲಿ ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಇಂದು ಜಾರಿಯಲ್ಲಿದೆ. ಚಿಕೋರಿ ಬೆರೆತ ಕಾಫಿಯನ್ನು ಬಯಸಿ ಕುಡಿಯುವವರು ನಮ್ಮಲ್ಲಿ ಬಹಳ ಮಂದಿ, ಅದು ತಪ್ಪಲ್ಲ. ಆದರೆ ಅದರಲ್ಲಿ ಕಾಫಿಯ ಪಾಲು ಶೇಕಡಾ ೫೧ಕ್ಕಿಂತ ಕಡಿಮೆ ಇರಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು ಎಂಬುದು ನಿಯಮ. ಬೆರೆಸುವುದೇ ಮೋಸವಲ್ಲ; ಬೆರೆಸಿ ಮುಚ್ಚಿಡುವುದು ಮೋಸ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು: ಒಂದು ಲೋಟ ತಣ್ಣೀರಿನ ಮೇಲೆ ಪುಡಿಯನ್ನು ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಕಂದು ಬಣ್ಣದ ಗೆರೆಯನ್ನು ಬಿಡುತ್ತಾ ತಳಕ್ಕಿಳಿಯುತ್ತದೆ.

ಮಕ್ಕಳ ಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ, ಕೊಯ್ದ ಆಲೂಗಡ್ಡೆಯ ಮೈಯನ್ನು ತುಸು ಕೆರೆದು ಒಂದು ಹನಿ ನೀರಿನೊಡನೆ ನೋಡುವಂತೆ ಅವರಿಗೆ ಹೇಳಿ. ಆಮೇಲೆ ಅಕ್ಕಿಹಿಟ್ಟು, ಆಮೇಲೆ ಮೈದಾ. ಮೊದಲು ಹೆಸರು ಹೇಳಿ ತೋರಿಸಿ, ಅನಂತರ ಹೆಸರು ಮರೆಸಿ ಕೇಳಿ. ತಪ್ಪಿದರೆ ನಗಬೇಡಿ, ಇನ್ನೊಮ್ಮೆ ನೋಡಲು ಬಿಡಿ. ಅಪ್ಪಟವಾದುದನ್ನು ಮನವಿಟ್ಟು ನೋಡಲು ಕಲಿತ ಮಗು ಮುಂದೆ ಸಂತೆಯಲ್ಲಿ ಸರಕನ್ನು ಕೊಳ್ಳುವಾಗಲೂ, ಮನುಷ್ಯರ ಮಾತನ್ನು ಅಳೆಯುವಾಗಲೂ, ಮೊದಲ ನೋಟಕ್ಕೇ ತೀರ್ಪು ಹೇಳದೆ ಬೇರೊಂದು ಬೆಳಕಿನಲ್ಲಿಯೂ ನೋಡುವ ತಾಳ್ಮೆಯನ್ನು ಉಳಿಸಿಕೊಳ್ಳುತ್ತದೆ.